ಕಾಯ ಒಂಬತ್ತು ಕ್ರಮ: ಕಂಪ್ಯೂಟರ್‌ಗೆ ಓದಲು ಕಲಿಸಿದ ಹದಿನಾರು ತಿಂಗಳು

ಹೋದ ತಿಂಗಳ ಕೊನೆಯ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ನಮ್ಮ ಐದನೇ ದನಿ ಬಿಡುಗಡೆಯಾಯಿತು. ಕನ್ನಡ, ತೆಲುಗು, ತಮಿಳು, ಹಿಂದಿ, ಆಮೇಲೆ ತುಳು. ಬರೆದದ್ದನ್ನು ಕಂಪ್ಯೂಟರ್ ತಾನೇ ಓದಿ ಹೇಳುತ್ತದಲ್ಲ, ಟಿಟಿಎಸ್ ಅಂತಾರೆ, ಅದೇ ನನ್ನ ಕಸುಬು. ಎಂಟು ತಿಂಗಳಲ್ಲಿ ಮುಗಿಸ್ತೀನಿ ಅಂತ ಮೊದಲ ಮೀಟಿಂಗ್‌ನಲ್ಲಿ ಹೇಳಿಬಿಟ್ಟಿದ್ದೆ. ಹದಿನಾರು ಹಿಡಿಯಿತು. ಈ ಕೆಲಸಕ್ಕೆ ಈಗ ಇಳಿಯುವ ಹುಡುಗ ಹುಡುಗಿಯರು ನಾನು ಬಿದ್ದ ಗುಂಡಿಗಳಲ್ಲೇ ಬೀಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಈ ದಾರಿಗೆ ಬಂದದ್ದು 2011ರಲ್ಲಿ. ಬೆಂಗಳೂರಿನ ಒಂದು ಸಣ್ಣ ಕಂಪನಿ. ಫೋನ್ ಮಾಡಿದರೆ "ನಿಮ್ಮ ಖಾತೆಯಲ್ಲಿ" ಅಂತ ಒಂದು ತುಂಡು, "ಐನೂರು" ಅಂತ ಇನ್ನೊಂದು ತುಂಡು, "ರೂಪಾಯಿ ಇದೆ" ಅಂತ ಮತ್ತೊಂದು ತುಂಡು ಜೋಡಿಸಿ ಕೇಳಿಸುತ್ತಿದ್ದೆವು. ಆಮೇಲೆ ಎಡಿನ್‌ಬರೋ ವಿಶ್ವವಿದ್ಯಾಲಯದ ಫೆಸ್ಟಿವಲ್ ತಂತ್ರಾಂಶ ಹಿಡಿದು ಎಚ್‌ಎಂಎಂ ದನಿ, ಅಂದರೆ ತುಂಡು ಜೋಡಿಸದೆ ಅಂಕಿಅಂಶದ ಲೆಕ್ಕದಿಂದ ಹುಟ್ಟಿಸುವ ದನಿ ಮಾಡಿದೆ. ಮೂರು ತಿಂಗಳು ಕೂತು ಮಾಡಿದ ಮೊದಲ ದನಿಯನ್ನು ಹೆಮ್ಮೆಯಿಂದ ಅಮ್ಮನಿಗೆ ಕೇಳಿಸಿದೆ. "ಯಾರೋ ಇದು? ಪಾಪ, ನೆಗಡಿನಾ?" ಅಂದಳು. ನಿಜ ಹೇಳಬೇಕೆಂದರೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗಿತ್ತು. 2016ರಲ್ಲಿ ಡೀಪ್‌ಮೈಂಡ್ ಕಂಪನಿಯವರ ವೇವ್‌ನೆಟ್ ಬಂತು, ಮರುವರ್ಷ ಗೂಗಲ್‌ನ ಟ್ಯಾಕೋಟ್ರಾನ್. ಎರಡೂ ಹೆಚ್ಚುಕಡಿಮೆ ಮನುಷ್ಯರ ಹಾಗೇ ಮಾತಾಡುವ ಎಐ ಪ್ರೋಗ್ರಾಂಗಳು. ಅವು ಓದಿದ ತುಣುಕು ಕೇಳಿದ ದಿನ ನನಗೆ ಖುಷಿಗಿಂತ ಭಯ ಜಾಸ್ತಿ ಆಯಿತು. ಐದು ವರ್ಷ ಕಲಿತದ್ದರಲ್ಲಿ ಅರ್ಧ ಒಂದೇ ಸಂಜೆಗೆ ಹಳೆಯದಾಯಿತು. ಹೊಸದನ್ನು ಮೊದಲಿಂದ ಕಲಿತೆ, ಬೇರೆ ದಾರಿ ಇರಲಿಲ್ಲ.

ಈ ಸಲದ ಕೆಲಸಕ್ಕೆ ಬರುತ್ತೇನೆ. ಕಣ್ಣು ಕಾಣದ ಮಕ್ಕಳಿಗೆ ಪುಸ್ತಕ ಓದಿ ಹೇಳಲು ಐದು ಭಾಷೆಯ ದನಿ ಬೇಕು ಅಂತ ಒಂದು ಸಂಸ್ಥೆ ಕೇಳಿತು. ನಾವು ಆರು ಜನ. ಒಪ್ಪಿಕೊಂಡೆವು.

ಮೊದಲ ತಪ್ಪು ಮಾಡಿದ್ದು ಕಾಗದ ಪತ್ರದಲ್ಲಿ. ಕನ್ನಡಕ್ಕೆ ದನಿ ಕೊಡಲು ಧಾರವಾಡದ ಕಡೆಯ ಒಬ್ಬರು ಸಿಕ್ಕಿದರು. ಹಿಂದೆ ರೇಡಿಯೊದಲ್ಲಿ ಓದುತ್ತಿದ್ದವರು. ಅಕ್ಷರ ಅಕ್ಷರವೂ ಬಿಡಿಸಿಟ್ಟ ಹಾಗೆ ಮಾತು. ಅವರಿಗೆ ವಕೀಲರು ಬರೆದುಕೊಟ್ಟ ಏಳು ಪುಟದ ಇಂಗ್ಲಿಷ್ ಒಪ್ಪಂದ ಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಮಾಡಿದರು.

"ನೋಡ್ರಿ, ಇದರಾಗ ನನ್ನ ದನಿ ಇಡೀ ಬ್ರಹ್ಮಾಂಡದಾಗ, ಎಂದೆಂದಿಗೂ ನಿಮಗ ಸೇರಿದ್ದು ಅಂತ ಬರದಾರ. ಚಂದ್ರನ ಮ್ಯಾಲೆ ಏನ್ ಓದಸ್ತೀರಿ?"

ನಗು ಬಂತು, ನಾಚಿಕೆಯೂ ಆಯಿತು. ನಾನೇ ಅದನ್ನು ಪೂರ್ತಿ ಓದಿರಲಿಲ್ಲ. ಅವರ ಚಿಂತೆ ಸುಮ್ನೆ ಬಂದದ್ದಲ್ಲ. ಒಮ್ಮೆ ದನಿಯ ಮಾದರಿ, ಅಂದರೆ ಅವರ ರೆಕಾರ್ಡಿಂಗ್‌ನಿಂದ ಅವರ ಹಾಗೇ ಮಾತಾಡಲು ಕಲಿತ ಪ್ರೋಗ್ರಾಂ, ಸಿದ್ಧವಾದರೆ ಅವರು ಎಂದೂ ಆಡದ ಮಾತನ್ನು ಅವರ ದನಿಯಲ್ಲೇ ಆಡಿಸಬಹುದು. ನಾಳೆ ಯಾವುದೋ ಪಕ್ಷದ ಪ್ರಚಾರಕ್ಕೋ, ಸಾಲ ವಸೂಲಿ ಮಾಡುವವರ ಫೋನ್‌ಗೋ ಆ ದನಿ ಹೋದರೆ? ನೆಂಟರಿಷ್ಟರು ಏನಂದುಕೊಳ್ಳಬೇಕು? ಕೊನೆಗೆ ಒಪ್ಪಂದವನ್ನು ಕನ್ನಡದಲ್ಲಿ ಹೊಸದಾಗಿ ಬರೆಸಿದೆವು. ಎಲ್ಲೆಲ್ಲಿ ಬಳಸಬಹುದು, ಎಲ್ಲಿ ಕೂಡದು, ಬೇರೆಯವರಿಗೆ ಮಾರುವುದಾದರೆ ಅವರನ್ನು ಕೇಳಬೇಕೋ ಬೇಡವೋ, ಕಂಪನಿ ಮುಚ್ಚಿದರೆ ಮಾದರಿ ಏನಾಗಬೇಕು, ಎಲ್ಲ ಬಿಡಿಬಿಡಿಯಾಗಿ. ಸ್ಟಾಂಪ್ ಪೇಪರ್, ನೋಟರಿ, ಎರಡು ಪ್ರತಿ. ಇದಕ್ಕೇ ಐದು ವಾರ ಹೋಯಿತು. ಉಳಿದ ನಾಲ್ಕು ಭಾಷೆಗೂ ಅದೇ ಕಾಗದವನ್ನು ಅನುವಾದ ಮಾಡಿಸಿದ್ದರಿಂದ ಆಮೇಲೆ ತೊಂದರೆ ಆಗಲಿಲ್ಲ. ನಿಮಗೊಂದು ಮಾತು: ದನಿ ಕೊಡುವವರಿಗೆ ಅವರು ಓದಬಲ್ಲ ಭಾಷೆಯಲ್ಲೇ ಕಾಗದ ಕೊಡಿ. ರೆಕಾರ್ಡಿಂಗ್ ಶುರುವಾಗುವ ಮೊದಲೇ ಕೊಡಿ.

ದುಡ್ಡು ಉಳಿಸಬೇಕು ಅನ್ನುವವರಿಗೆ: ಎಲ್ಲವನ್ನೂ ಹೊಸದಾಗಿ ರೆಕಾರ್ಡ್ ಮಾಡಲೇಬೇಕು ಅಂತಿಲ್ಲ. ಐಐಟಿ ಮದ್ರಾಸ್‌ನವರ ಇಂಡಿಕ್ ಟಿಟಿಎಸ್, ಬೆಂಗಳೂರಿನ ಐಐಎಸ್‌ಸಿಯವರ ಸಿಸ್ಪಿನ್, ಓಪನ್‌ಎಸ್‌ಎಲ್‌ಆರ್ ಜಾಲತಾಣದಲ್ಲಿ ಗೂಗಲ್‌ನವರು ಇಟ್ಟಿರುವ ಕನ್ನಡ ಧ್ವನಿ, ಹೀಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಸಂಗ್ರಹಗಳು ಇವೆ. ಕಲಿಯಲು, ಪ್ರಯೋಗ ಮಾಡಲು ಚೆನ್ನಾಗಿವೆ. ಒಂದೊಂದರದೂ ಷರತ್ತು ಬೇರೆ ಬೇರೆ, ಅದನ್ನು ಓದದೆ ಮುಂದೆ ಹೋಗಬೇಡಿ. ನಮಗೆ ಕಥೆ ಓದುವ ದನಿ ಬೇಕಿತ್ತು, ಅದಕ್ಕೇ ಹೊಸದಾಗಿ ಮಾಡಿದೆವು.

ಸ್ಟುಡಿಯೊ ಬಾಡಿಗೆ ಗಂಟೆಗೆ 700 ರೂಪಾಯಿ. ಕನ್ನಡಕ್ಕೇ 74 ಗಂಟೆ ಹಿಡಿಯಿತು. ಅಷ್ಟರಲ್ಲಿ ಬಳಸುವಂಥದ್ದು ಸಿಕ್ಕಿದ್ದು 18 ಗಂಟೆ. ಉಳಿದದ್ದೆಲ್ಲ ತಪ್ಪಿ ಮತ್ತೆ ಓದಿದ್ದು, ಕೆಮ್ಮು, ನೀರು, ಚಹಾ. ಪಕ್ಕದ ಸೈಟ್‌ನಲ್ಲಿ ಬೋರ್‌ವೆಲ್ ಲಾರಿ ಬಂದು ನಾಲ್ಕು ದಿನ ಕೆಲಸ ನಿಂತಿತು. ಗಣೇಶನ ಹಬ್ಬಕ್ಕೆ ಒಂದು ವಾರ. ಆಮೇಲೆ ದೀಪಾವಳಿ. ಹಬ್ಬದ ತಿಂಗಳುಗಳಲ್ಲಿ ಸ್ಟುಡಿಯೊ ಹಿಡಿಯಲೇಬೇಡಿ, ಗೋಡೆ ಎಷ್ಟೇ ದಪ್ಪ ಇರಲಿ, ಲಕ್ಷ್ಮೀ ಪಟಾಕಿ ಒಳಗೆ ಬರುತ್ತದೆ.

ಇನ್ನೂ ಒಂದು ಸೂಕ್ಷ್ಮ ಇದೆ. ಸೋಮವಾರದ ದನಿಗೂ ಶನಿವಾರದ ದನಿಗೂ ವ್ಯತ್ಯಾಸ ಇರುತ್ತದೆ. ನಮ್ಮ ಕಿವಿಗೆ ಗೊತ್ತಾಗುವುದಿಲ್ಲ, ಮಾದರಿಗೆ ಗೊತ್ತಾಗುತ್ತದೆ. ಒಂದೇ ವಾಕ್ಯದ ನಡುವೆ ದನಿ ಸ್ವಲ್ಪ ಬೇರೆಯವರದ್ದಾದ ಹಾಗೆ ಕೇಳುತ್ತದೆ. ಅದಕ್ಕೆ ದಿನಾ ಶುರು ಮಾಡುವ ಮುಂಚೆ, ಮೊದಲ ದಿನ ಓದಿದ ಹತ್ತು ವಾಕ್ಯವನ್ನು ದನಿ ಕೊಡುವವರಿಗೆ ಕೇಳಿಸುತ್ತಿದ್ದೆವು. ಮೈಕ್‌ಗೂ ಬಾಯಿಗೂ ಒಂದು ಗೇಣು ಅಂತ ಲೆಕ್ಕ. ಓದುವ ಮೊದಲು ಹಾಲು ಮೊಸರು ಬೇಡ, ಬಾಯಲ್ಲಿ ಜೊಲ್ಲಿನ ಚಿಟಿಚಿಟಿ ಶಬ್ದ ಬಂದರೆ ಹಸಿರು ಸೇಬಿನ ಒಂದು ಚೂರು. ಇದು ಓದುವವರೆಲ್ಲ ಬಲ್ಲ ಉಪಾಯ, ನನಗೆ ಮಾತ್ರ ಗೊತ್ತಿರಲಿಲ್ಲ.

ಏನು ಓದಿಸಬೇಕು? ಪತ್ರಿಕೆಯಿಂದ ಎತ್ತಿಕೊಂಡರೆ ಹಕ್ಕಿನ ತಕರಾರು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಪುಸ್ತಕ ಎಲ್ಲರದ್ದಾಗುತ್ತದೆ. ಹಾಗಾಗಿ ಹಳೆಯ ಪುಸ್ತಕಗಳಿಂದ ಒಂದಷ್ಟು ಆರಿಸಿದೆ. ಮೂರನೇ ದಿನ ಧಾರವಾಡದವರು ಹೆಡ್‌ಫೋನ್ ತೆಗೆದು ಕೆಳಗಿಟ್ಟರು. "ಇಂಥಾ ಕನ್ನಡ ಈಗ ಯಾರ್ ಮಾತಾಡ್ತಾರ್ರೀ?" ಅಂದರು. ಸರಿಯಾದ ಪ್ರಶ್ನೆ. ಆಮೇಲೆ ನಾವೇ ಆರೂ ಜನ ಕೂತು ಮೂರು ಸಾವಿರ ವಾಕ್ಯ ಬರೆದೆವು. ಬಸ್ಸು, ಬೆಲೆ, ಜಗಳ, ಪ್ರಶ್ನೆ, ಬೈಗುಳ. ಪ್ರಶ್ನೆ ಕಡಿಮೆ ಇದ್ದರೆ ದನಿಗೆ ಕೇಳುವುದೇ ಬರುವುದಿಲ್ಲ, "ಊಟ ಆಯ್ತಾ" ಅನ್ನುವುದನ್ನೂ ವಾರ್ತೆಯ ಹಾಗೆ ಓದುತ್ತದೆ. ಝ, ಢ, ಛ ಇರುವ ಪದ ಬೇಕೆಂದೇ ತುರುಕಬೇಕು, ತಾವಾಗಿ ಬರುವುದು ತೀರಾ ಕಡಿಮೆ.

ಈಗ ಅಸಲು ಕಥೆ. ಮಾದರಿಗೆ ದನಿ ಕಲಿಸುವುದೇ ಕಷ್ಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಅಲ್ಲ. ಬರೆದದ್ದನ್ನು ಓದುವ ರೂಪಕ್ಕೆ ತರುವುದೇ ಕಷ್ಟ. ಕನ್ನಡ ಬರೆದ ಹಾಗೇ ಓದುವ ಭಾಷೆ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವಲ್ಲ, ಒಂದು ವಾರ ಈ ಕೆಲಸ ಮಾಡಿ ನೋಡಿ.

ಒಂದು ಸರ್ಕಾರಿ ಪ್ರಕಟಣೆಯನ್ನು ಕೊಟ್ಟೆವು. ದನಿ ಗಂಭೀರವಾಗಿ ಓದಿತು: "ಕಾಯ ಒಂಬತ್ತು ಕ್ರಮವು ಬೆಳಗ್ಗೆ ನಡೆಯಲಿದೆ." ಎಲ್ಲರೂ ಬೆಪ್ಪಾದೆವು. ಕಡತ ತೆರೆದು ನೋಡಿದರೆ "ಕಾಯ೯ಕ್ರಮ" ಅಂತಿತ್ತು. ಅರ್ಕಾವತ್ತು ಹೇಗೆ ಒತ್ತಬೇಕೆಂದು ತಿಳಿಯದೆ ಯಾರೋ ಕನ್ನಡದ ಒಂಬತ್ತನ್ನು ಒತ್ತಿದ್ದರು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಅದು ಅಂಕಿ. ಹಾಗೇ ಸೊನ್ನೆ ಒತ್ತಿ "ಬ೦ದ" ಅಂತ ಬರೆಯುವವರು ಲೆಕ್ಕಕ್ಕಿಲ್ಲ. ಅದನ್ನು ದನಿ "ಬ ಸೊನ್ನೆ ದ" ಅನ್ನುತ್ತದೆ. ಇದರ ಜೊತೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ, ಬರುವ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು. ಅವನ್ನು ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಹಾರುತ್ತದೆ. ಅಕ್ಷರಗಳ ನಡುವೆ ಸಿಕ್ಕಿಕೊಂಡ ಅಂಕಿಯನ್ನು ಪದಕೋಶದ ಜೊತೆ ಹೋಲಿಸಿ ತಿದ್ದುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಪ್ರಯೋಜನ ಆದದ್ದು ಆ ಇನ್ನೂರು ಸಾಲಿನಿಂದ. ಅದರಲ್ಲಿ ಎಐ ಏನೂ ಇಲ್ಲ.

ಇನ್ನು ಅಂಕಿಗಳು. "15ರಂದು" ಅಂದರೆ ಹದಿನೈದರಂದು. "10ಕ್ಕೆ" ಅಂದರೆ ಹತ್ತಕ್ಕೆ. ಹತ್ತು ಕ್ಕೆ ಅಲ್ಲ. "9.30ಕ್ಕೆ" ಅಂದರೆ ಒಂಬತ್ತೂವರೆಗೆ, ಪ್ರತ್ಯಯವೇ ಬದಲಾಗುತ್ತದೆ. "2 ಮಕ್ಕಳು" ಅಂತ ಬರೆದರೂ ಇಬ್ಬರು ಮಕ್ಕಳು ಅಂತಲೇ ಓದಬೇಕು. "2 ಬಾಳೆಹಣ್ಣು" ಮಾತ್ರ ಎರಡು. ಒಟಿಪಿ 4521 ಬಂದರೆ ನಾಲ್ಕು ಸಾವಿರದ ಐನೂರ ಇಪ್ಪತ್ತೊಂದು ಅನ್ನುವ ದನಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ನಾವು ಮೊದಲು ಬಳಸಿದ ಲೈಬ್ರರಿಗೆ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಪ್ರೋಗ್ರಾಂಗೆ, ನಮ್ಮ ಲಕ್ಷದ ಅಲ್ಪವಿರಾಮ ಗೊತ್ತಿರಲಿಲ್ಲ. 1,50,000 ಅನ್ನು "ಒಂದು, ಐವತ್ತು, ಸೊನ್ನೆ" ಅಂತ ಓದಿತು.

ಐದು ಭಾಷೆ ಅಂದಾಗ ಒಂದರಲ್ಲಿ ಬರೆದ ನಿಯಮವನ್ನು ಇನ್ನೊಂದಕ್ಕೆ ಎತ್ತಿಹಾಕಿದರಾಯಿತು ಅಂತ ನನ್ನ ಲೆಕ್ಕ. 1947 ಇಸವಿಯೇ ಆ ಲೆಕ್ಕ ಕೆಡಿಸಿತು. ಕನ್ನಡದಲ್ಲಿ ಸಾವಿರದ ಒಂಬೈನೂರ ನಲವತ್ತೇಳು, ತಮಿಳಲ್ಲೂ ಹಾಗೇ ಸಾವಿರದಿಂದ ಶುರು. ಹಿಂದಿಯಲ್ಲಿ ಉನ್ನೀಸ್ ಸೌ ಸೈಂತಾಲೀಸ್, ತೆಲುಗಿನಲ್ಲಿ ಪಂದೊಮ್ಮಿದಿ ವಂದಲ ನಲಭೈ ಏಡು, ಎರಡರಲ್ಲೂ ಹತ್ತೊಂಬತ್ತು ನೂರು. ತಮಿಳಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಕಾಗೆಗೆ ಅವರು ಬರೆಯುವುದು ಕಾಕಮ್, ಓದುವುದು ಕಾಗಮ್. ಹಿಂದಿಯಲ್ಲಿ ಕಮಲ ಅಂತ ಬರೆದು ಕಮಲ್ ಅನ್ನುತ್ತಾರೆ. ದುಡ್ಡು ಉಳಿಯಲಿ ಅಂತ ಹಿಂದಿ, ಕನ್ನಡ ಎರಡನ್ನೂ ಒಂದೇ ಮಾದರಿಗೆ ಸೇರಿಸಿ ಕಲಿಸಿದ್ದೆ. ಒಂದು ದಿನ ನಮ್ಮ ಕನ್ನಡ ದನಿ ಪಾಠ ಓದುತ್ತ "ಕಮಲ್ ಕೆರೆಯಲ್ಲಿ ಅರಳಿತು" ಅಂದಿತು. ಯಾರೋ ಕಮಲ್ ಅನ್ನುವವನು ಕೆರೆಗೆ ಇಳಿದ ಹಾಗೆ. ಎರಡೂ ಭಾಷೆಗೆ ಬೇರೆ ಬೇರೆ ಉಚ್ಚಾರಣೆಯ ನಿಯಮ ಬರೆದು ಮತ್ತೆ ಮೊದಲಿಂದ ಕಲಿಸಿದೆ. ಆರು ವಾರ.

ಬ್ರಹ್ಮ ಅನ್ನುವ ಪದಕ್ಕೆ ಒಂದು ಇಡೀ ಮಧ್ಯಾಹ್ನ ಜಗಳ ಆಯಿತು. ಪಠ್ಯ ಪರಿಶೀಲಿಸಿದವರು ಹ ಮೊದಲು, ಮ ಆಮೇಲೆ ಬರಬೇಕು ಅಂದರು. ದನಿ ಕೊಟ್ಟವರು ಬ್ರಮ್ಹ ಅಂತಲೇ ಓದಿದ್ದರು. ಚಿಹ್ನೆ ಅನ್ನುವುದನ್ನು ಚಿನ್ಹೆ ಅಂತ. ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದೂ ಅದೇ ಅಲ್ವಾ? ಜನ ಹೇಗೆ ಹೇಳುತ್ತಾರೋ ಹಾಗೇ ಇರಲಿ ಅಂತ ಬಿಟ್ಟೆ. ಈಗಲೂ ಕೆಲವರಿಗೆ ಆ ಬಗ್ಗೆ ನನ್ನ ಮೇಲೆ ಸಿಟ್ಟಿದೆ.

ತುಳು ಇನ್ನೊಂದು ಲೋಕ. ಬರೆಯುವುದು ಹೆಚ್ಚಾಗಿ ಕನ್ನಡ ಲಿಪಿಯಲ್ಲಿ, ಆದರೆ ಆ ಲಿಪಿಯಲ್ಲಿ ಇಲ್ಲದ ಸ್ವರಗಳು ಅದರಲ್ಲಿವೆ. "ಯಾನ್ ಮಲ್ಪುವೆ" ಅಂದರೆ ನಾನು ಮಾಡುತ್ತೇನೆ, "ಆಯೆ ಮಲ್ಪುವೆ" ಅಂದರೆ ಅವನು ಮಾಡುತ್ತಾನೆ. ಬರಹದಲ್ಲಿ ಕೊನೆಯ ಎಕಾರ ಒಂದೇ. ಬಾಯಲ್ಲಿ ಬೇರೆ, ನಾನು ಅನ್ನುವಾಗ ಬಾಯಿ ಇನ್ನಷ್ಟು ಅಗಲ ತೆರೆಯುತ್ತದೆ. ಯಾನ್, ಆಯೆ ಬಿಟ್ಟು ಬರಿಯ "ಮಲ್ಪುವೆ" ಅಂತ ಬಂದರೆ? ಹಿಂದಿನ ವಾಕ್ಯ ನೋಡಿ ಊಹಿಸಬೇಕು. ಮಂಗಳೂರಿನಲ್ಲಿ ದನಿ ಕೊಟ್ಟವರಿಗೆ ನಮ್ಮ ಮೊದಲ ಮಾದರಿ ಕೇಳಿಸಿದಾಗ ಅವರು ತುಂಬಾ ಹೊತ್ತು ನಕ್ಕರು. "ಬೆಂಗಳೂರಿನವರು ತುಳು ಕಲಿತ ಹಾಗೆ ಉಂಟು ಮಾರಾಯ್ರೆ" ಅಂದರು. ಕೊನೆಗೆ ಎರಡು ಸಾವಿರ ವಾಕ್ಯಕ್ಕೆ ಕೈಯಿಂದಲೇ ಗುರುತು ಹಾಕಿಸಿದೆವು. ಈಗಲೂ ಅಲ್ಲಲ್ಲಿ ತಪ್ಪುತ್ತದೆ.

ಮಾದರಿ ಕಲಿಸಿದ ಕಥೆ ಚಿಕ್ಕದು. ಬರಹದಿಂದ ನೇರವಾಗಿ ದನಿ ಹುಟ್ಟಿಸುವ ವಿಐಟಿಎಸ್ ಅನ್ನುವ ಮಾದರಿ ಬಳಸಿದೆವು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸಲ ಶಬ್ದ ಅಳೆದು, ರೆಕಾರ್ಡ್ ಮಾಡಿದ್ದನ್ನು 22.05ಕ್ಕೆ ಇಳಿಸಿದೆವು. ಕಲಿಸಲು ಬಾಡಿಗೆ ಜಿಪಿಯು, ಅಂದರೆ ಇಂಥ ದೊಡ್ಡ ಲೆಕ್ಕವನ್ನು ಬೇಗ ಮಾಡುವ ಯಂತ್ರ. ಒಂದು ಶುಕ್ರವಾರ ಸಂಜೆ ಯಂತ್ರ ಆಫ್ ಮಾಡುವುದು ಮರೆತು ಊರಿಗೆ ಹೋದೆ, ತಂಗಿಯ ಮಗನ ನಾಮಕರಣ. ನಾಲ್ಕು ದಿನ ಅದು ಸುಮ್ನೆ ಉರಿಯಿತು. ಬಿಲ್ 38,000 ರೂಪಾಯಿ. ತಾನಾಗಿ ಆರುವ ವ್ಯವಸ್ಥೆ ಮೊದಲ ದಿನವೇ ಮಾಡಿ, ನಾಳೆ ಮಾಡ್ತೀನಿ ಅನ್ನಬೇಡಿ. ದುಡ್ಡಿನ ವಿಷಯ ಬಂದಿತಲ್ಲ, ಹೇಳಿಬಿಡುತ್ತೇನೆ. ಕೆಲಸ ಕೊಟ್ಟ ಸಂಸ್ಥೆಯಿಂದ ಎರಡನೇ ಕಂತು ಬಂದದ್ದು ಐದು ತಿಂಗಳು ತಡವಾಗಿ. ಅಷ್ಟೂ ದಿನ ದನಿ ಕೊಟ್ಟವರ ಮುಖ ನೋಡುವುದೇ ಕಷ್ಟವಾಗಿತ್ತು. ಕಲಾವಿದರ ಪೂರ್ತಿ ಸಂಭಾವನೆಯನ್ನು ಬೇರೆ ಖಾತೆಯಲ್ಲಿ ಎತ್ತಿಟ್ಟು ಕೆಲಸ ಶುರು ಮಾಡಿ.

ಹನ್ನೆರಡನೇ ತಿಂಗಳು ಮೂವತ್ತು ಜನರಿಗೆ ಕೇಳಿಸಿ ಐದಕ್ಕೆ ಎಷ್ಟು ಅಂಕ ಅಂತ ಕೇಳಿದೆವು. ಸರಾಸರಿ 4.2 ಬಂತು. ಆಫೀಸಿನಲ್ಲಿ ಮೈಸೂರ್‌ಪಾಕ್ ಹಂಚಿದೆವು. ಹಂಚಬಾರದಿತ್ತು.

ಮರುವಾರ ಬ್ಯಾಂಕ್‌ನಲ್ಲಿ ಕೆಲಸ ಮಾಡುವ ಒಬ್ಬರ ಹತ್ತಿರ ಹೋದೆ. ಹುಟ್ಟಿನಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ದಿನವಿಡೀ, ಪರದೆಯ ಮೇಲಿರುವುದನ್ನೂ ಒತ್ತಿದ ಅಕ್ಷರವನ್ನೂ ಓದಿ ಹೇಳುವ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶದಿಂದ ಕಂಪ್ಯೂಟರ್ ಬಳಸುತ್ತಾರೆ. ಅದರ ಜೊತೆಗೇ ಇ-ಸ್ಪೀಕ್ ಎನ್‌ಜಿ ಅನ್ನುವ ದನಿ ಬರುತ್ತದೆ. ಅದರ ಬೇರು 1995ರಷ್ಟು ಹಳೆಯದು. ಪಕ್ಕಾ ಯಂತ್ರದ ದನಿ, ತಗಡು ಬಡಿದ ಹಾಗೆ. ನಮ್ಮ ದನಿಯನ್ನು ಅವರ ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಎರಡು ನಿಮಿಷ ಕೇಳಿದರು.

"ತುಂಬಾ ಚೆನ್ನಾಗಿದೆ ಸರ್. ನಮ್ಮ ಚಿಕ್ಕಮ್ಮ ಮಾತಾಡಿದ ಹಾಗಿದೆ."

"ಹಾಗಾದರೆ ಬಳಸ್ತೀರಾ?"

"ಇಲ್ಲ ಸರ್."

ಅವರು ತಮ್ಮ ಹಳೆಯ ದನಿಯನ್ನೇ ಹಾಕಿ ತೋರಿಸಿದರು. ಎಷ್ಟು ವೇಗ ಅಂದರೆ ನನಗೆ ಒಂದು ಪದವೂ ಅರ್ಥವಾಗಲಿಲ್ಲ, ಜೀರುಂಡೆ ಕೂಗಿದ ಹಾಗಿತ್ತು. ಅವರು ಅದರಲ್ಲಿ ಒಂದು ಇಮೇಲ್ ಓದಿ ಮುಗಿಸಿ ಉತ್ತರವನ್ನೂ ಟೈಪ್ ಮಾಡಿದರು. ಆಮೇಲೆ ನಮ್ಮದನ್ನು ಹಾಕಿ ಒಂದು ಕೀ ಒತ್ತಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮಧುರವಾಗಿ "ಕ" ಅಂತ ಬಂತು. "ಈ ಹೊತ್ತಿಗೆ ನಾನು ಇನ್ನು ನಾಲ್ಕು ಅಕ್ಷರ ಒತ್ತಿರ್ತೀನಿ ಸರ್. ನೀವು ಕಣ್ಣಲ್ಲಿ ನೋಡೋಕೆ ಅಷ್ಟೊತ್ತು ಕಾಯ್ತೀರಾ?"

ವಾಪಸ್ ಬರುವಾಗ ಮೆಟ್ರೋದಲ್ಲಿ ಕೂತು ಲೆಕ್ಕ ಹಾಕಿದೆ. ಹನ್ನೆರಡು ತಿಂಗಳಲ್ಲಿ ಒಂದು ಸಲವೂ, ಒಬ್ಬ ಅಂಧ ಬಳಕೆದಾರರನ್ನೂ ಕೂರಿಸಿ ಕೇಳಿಸಿರಲಿಲ್ಲ. ಆ ಮೂವತ್ತು ಜನರಲ್ಲಿ ಎಲ್ಲರಿಗೂ ಕಣ್ಣು ಕಾಣುತ್ತಿತ್ತು. ಅವರಿಗೆ ದನಿ ಇಂಪಾಗಿದೆಯೋ ಅಂತಷ್ಟೇ ಕೇಳಿದ್ದೆವು. ಇದನ್ನು ಓದುತ್ತಿರುವವರು ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಮೊದಲ ವಾರವೇ ಅಂಥ ಒಬ್ಬರನ್ನು ಜೊತೆಗೆ ಸೇರಿಸಿಕೊಳ್ಳಿ. ಅವರ ಸಮಯಕ್ಕೆ ದುಡ್ಡೂ ಕೊಡಿ.

ಉಳಿದ ನಾಲ್ಕು ತಿಂಗಳು ಹೋದದ್ದು ಆ ವೇಗಕ್ಕೇ. ಮಾದರಿಯನ್ನು ಸಣ್ಣದು ಮಾಡಿದೆವು, ಒಂಟಿ ಅಕ್ಷರಗಳನ್ನು ಮೊದಲೇ ತಯಾರಿಸಿ ಇಟ್ಟೆವು, ಇಡೀ ವಾಕ್ಯಕ್ಕೆ ಕಾಯದೆ ಮೊದಲ ತುಂಡು ಸಿದ್ಧವಾದ ಕೂಡಲೇ ಶಬ್ದ ಹೊರಡುವ ಹಾಗೆ ಮಾಡಿದೆವು. ಆ ಬ್ಯಾಂಕ್ ಉದ್ಯೋಗಿ ಹೇಳಿದ ಮೇಲೆ ಕಲಾವಿದರನ್ನು ಮತ್ತೆ ಕರೆದು ವೇಗವಾಗಿ ಓದಿಸಿ ಮೂರು ಗಂಟೆಯಷ್ಟು ದನಿ ಸೇರಿಸಿದೆವು. ನಿಧಾನವಾಗಿ ಓದಿದ್ದನ್ನು ಯಂತ್ರದಿಂದ ಕುಗ್ಗಿಸಿ ವೇಗ ಮಾಡಿದರೆ ಒತ್ತಕ್ಷರಗಳೆಲ್ಲ ಕರಗಿಹೋಗುತ್ತವೆ, "ಕತ್ತೆ" ಹೋಗಿ "ಕತೆ" ಆಗುತ್ತದೆ. ದನಿಯ ಇಂಪು ಸ್ವಲ್ಪ ಕಡಿಮೆ ಆಯಿತು. ಅಂಕ ಮತ್ತೆ ಕೇಳಲಿಲ್ಲ.

ಬಿಡುಗಡೆಯಾದ ಮೂರನೇ ದಿನ ಆ ಬ್ಯಾಂಕ್ ಉದ್ಯೋಗಿ ಫೋನ್ ಮಾಡಿದರು. ಆಫೀಸ್ ಕೆಲಸಕ್ಕೆ ಈಗಲೂ ಆ ತಗಡು ದನಿಯೇ. ರಾತ್ರಿ ಮಲಗುವಾಗ ಕಾದಂಬರಿ ಕೇಳಲು ಮಾತ್ರ ನಮ್ಮದಂತೆ. "ಒಂದು ಪಟ್ಟಿ ಕಳಿಸಿದೀನಿ ಸರ್, ನೋಡಿ" ಅಂದರು. ಹದಿನಾಲ್ಕು ತಪ್ಪುಗಳಿದ್ದವು. ಮೊದಲನೆಯದು, ಅವರ ಊರಿನ ಪಂಚಾಯಿತಿ ನೋಟಿಸ್‌ನಲ್ಲಿದ್ದ "ವಷ೯" ಪದ. ದನಿ ಅದನ್ನು "ವಷ ಒಂಬತ್ತು" ಅಂದಿದೆ. ಒಂಬತ್ತು ಪದದ ಕೊನೆಗೆ ಬಂದರೆ ಅಂಕಿ ಅಂತ ಬಿಟ್ಟುಬಿಡು ಅಂತ ನಾನೇ ನಿಯಮ ಬರೆದಿದ್ದೆ. ಅದನ್ನು ಸರಿಮಾಡಿದೆ. ಈಗ ಮೂರನೆಯದರಲ್ಲಿ ಇದ್ದೇನೆ.